ಬಡಾವಣೆಯ ಹಸಿರುಪಟ್ಟಿ: ಪಾಲಿಕೆಯೊಡನೆ ನಿವಾಸಿಗಳ ಸಂಘ ಕೆಲಸ ಮಾಡುವ ಬಗೆ

ದಾವಣಗೆರೆಯಲ್ಲಿ ಜೂನ್ ತಿಂಗಳು ಬಂತೆಂದರೆ ಸಸಿ ನೆಡುವವರಿಗೆ ಕೊರತೆಯಿರುವುದಿಲ್ಲ. ಪರಿಸರ ದಿನಕ್ಕೊಮ್ಮೆ, ಜುಲೈ ಮೊದಲ ವಾರದ ವನಮಹೋತ್ಸವಕ್ಕೊಮ್ಮೆ, ರಸ್ತೆಯ ಅಂಚು, ಉದ್ಯಾನದ ಮೂಲೆ, ರಾಜಕಾಲುವೆಯ ದಂಡೆ ಎಂದು ಎಲ್ಲೆಡೆ ಗುಂಡಿ ತೋಡಿ ಗಿಡ ಇಡುತ್ತಾರೆ. ಮುಂದಿನ ಮಾರ್ಚ್ ಕಳೆಯುವಷ್ಟರಲ್ಲಿ ಅವುಗಳಲ್ಲಿ ಎಷ್ಟೋ ಗಿಡಗಳು ಒಣಗಿ ಕಡ್ಡಿಯಾಗಿರುತ್ತವೆ. ಪಾಲಿಕೆ ನೀರು ಹಾಕುತ್ತದೆ ಎಂದು ಬಡಾವಣೆಯವರು ತಿಳಿದಿರುತ್ತಾರೆ, ಬಡಾವಣೆಯವರು ನೋಡಿಕೊಳ್ಳುತ್ತಾರೆ ಎಂದು ಪಾಲಿಕೆಯವರು ತಿಳಿದಿರುತ್ತಾರೆ. ಯಾವ ಕೆಲಸ ಯಾರದು ಎಂಬುದು ಮಾತ್ರ ಎಲ್ಲಿಯೂ ಬರಹದಲ್ಲಿ ಇರುವುದಿಲ್ಲ. ಹಸಿರುಪಟ್ಟಿಗಳು, ಅಂದರೆ ಗಿಡಮರಗಳಿಗಾಗಿ ಬಿಟ್ಟ ಇಂಥ ರಸ್ತೆಬದಿ, ಉದ್ಯಾನ, ಕಾಲುವೆ ದಂಡೆಯ ಜಾಗಗಳು, ಹಾಳಾಗುವುದು ಬಹುಮಟ್ಟಿಗೆ ಈ ಒಂದು ಕಾರಣದಿಂದ ಎಂದು ನಾನು ನಂಬಿದ್ದೇನೆ. ಹಾಗಾಗಿ ಇಲ್ಲಿ ಸಸಿ ನೆಡುವ ವಿಚಾರಕ್ಕಿಂತ, ನೆಟ್ಟ ಮೇಲಿನ ಮೂರು ಬೇಸಿಗೆಗಳನ್ನು ದಾಟಿಸಲು ನಿವಾಸಿಗಳ ಸಂಘವೂ ಮಹಾನಗರ ಪಾಲಿಕೆಯೂ ಕೆಲಸವನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ವಿಚಾರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಜಾಗ ಯಾರದು ಎಂಬುದು ಮೊದಲ ಪ್ರಶ್ನೆ

ನಮ್ಮ ಊರಿನ ಹಸಿರುಪಟ್ಟಿಗಳೆಲ್ಲ ಒಂದೇ ಸಂಸ್ಥೆಗೆ ಸೇರಿದವಲ್ಲ. ಬಡಾವಣೆಯ ಒಳರಸ್ತೆಗಳ ಬದಿ ಮತ್ತು ಉದ್ಯಾನಗಳು ಸಾಮಾನ್ಯವಾಗಿ ಪಾಲಿಕೆಯ ವಶದಲ್ಲಿರುತ್ತವೆ. ಬಡಾವಣೆ ಹೊಸದಾಗಿದ್ದರೆ ಅದು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದಿಂದ, ಅಂದರೆ ನಾವೆಲ್ಲ ದೂಡಾ ಎಂದು ಕರೆಯುವ ಕಚೇರಿಯಿಂದ, ಪಾಲಿಕೆಗೆ ಇನ್ನೂ ಹಸ್ತಾಂತರವಾಗದೇ ಇರಬಹುದು. ಹಾಗಿರುವಾಗ ಪಾಲಿಕೆಗೆ ಎಷ್ಟು ಅರ್ಜಿ ಕೊಟ್ಟರೂ ಹಣ ಖರ್ಚು ಮಾಡಲು ಅವರಿಗೆ ಆಧಾರವಿರುವುದಿಲ್ಲ. ಭದ್ರಾ ನಾಲೆಯ ಏರಿಯ ಮೇಲೆ ಗಿಡ ನೆಡಬೇಕಾದರೆ ಕರ್ನಾಟಕ ನೀರಾವರಿ ನಿಗಮದ ಒಪ್ಪಿಗೆ ಬೇಕು. ರೈಲು ಹಳಿಯ ಪಕ್ಕದ ಪಟ್ಟಿ ನೈರುತ್ಯ ರೈಲ್ವೆಯ ಮೈಸೂರು ವಿಭಾಗದ್ದು, ರಾಷ್ಟ್ರೀಯ ಹೆದ್ದಾರಿ 48ರ ಸರ್ವಿಸ್ ರಸ್ತೆಯ ಬದಿ ಹೆದ್ದಾರಿ ಪ್ರಾಧಿಕಾರದ್ದು. ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳು ನಗರಕ್ಕೆ ಕುಡಿಯುವ ನೀರನ್ನು ಸಂಗ್ರಹಿಸುವ ಕೆರೆಗಳಾದ್ದರಿಂದ ಅವುಗಳ ದಂಡೆಯಲ್ಲಿ ಗೊಬ್ಬರ, ಔಷಧಿ ಬಳಸುವ ಯಾವ ಕೆಲಸವನ್ನೂ ಪಾಲಿಕೆಯ ನೀರು ಸರಬರಾಜು ವಿಭಾಗದ ಗಮನಕ್ಕೆ ತಾರದೆ ಮಾಡಬಾರದು.

ಜಾಗದ ಒಡೆತನವನ್ನು ಬಾಯಿಮಾತಿನಿಂದ ನಿರ್ಧರಿಸಬೇಡಿ. ಬಡಾವಣೆಯ ಅನುಮೋದಿತ ವಿನ್ಯಾಸ ನಕ್ಷೆಯ ದೃಢೀಕೃತ ಪ್ರತಿಯನ್ನು ದೂಡಾದಿಂದ ಪಡೆಯಿರಿ. ಬಡಾವಣೆಗೆ ಮಂಜೂರಾತಿ ಕೊಡುವಾಗ ಒಟ್ಟು ವಿಸ್ತೀರ್ಣದಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ಜಾಗವನ್ನು ಉದ್ಯಾನ ಮತ್ತು ಬಯಲು ಜಾಗಕ್ಕಾಗಿ ಬಿಡಿಸಿರುತ್ತಾರೆ, ಅದನ್ನು ಬಡಾವಣೆ ಮಾಡಿದವರು ಸ್ಥಳೀಯ ಸಂಸ್ಥೆಗೆ ಬರೆದುಕೊಟ್ಟಿರುತ್ತಾರೆ. ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿ ತೋರಿಸಿದ ಜಾಗ ನೆಲದ ಮೇಲೆ ಎಷ್ಟು ಉಳಿದಿದೆ ಎಂಬುದನ್ನು ಟೇಪು ಹಿಡಿದು ಅಳೆಯಿರಿ, ನಾಲ್ಕೂ ಮೂಲೆಗಳ ಚಿತ್ರ ತೆಗೆಯಿರಿ, ಅಳತೆಗಳನ್ನು ನಕ್ಷೆಯ ಪ್ರತಿಯ ಮೇಲೆಯೇ ಬರೆದಿಡಿ. ಮುಂದೆ ಯಾವ ಅಧಿಕಾರಿಯನ್ನು ಕಾಣಲು ಹೋದರೂ ಈ ಒಂದು ಹಾಳೆ ನಿಮ್ಮ ಕೈಯಲ್ಲಿರಬೇಕು.

ನಕ್ಷೆ ಸುಲಭವಾಗಿ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಕೊಡಿ. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಮೂಲಕ ಕಟ್ಟಬಹುದು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯವನ್ನು, 150 ಪದಗಳಿಗೆ ಮೀರದಂತೆ ಕೇಳಬೇಕು. ನಕ್ಷೆ, ಹಸ್ತಾಂತರ ಪತ್ರ, ನಿರ್ವಹಣೆಯ ಟೆಂಡರ್ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೇಳಿದರೆ ಆ ಕಾರಣಕ್ಕೇ ಅರ್ಜಿ ಹಿಂದಿರುಗಬಹುದು. 30 ದಿನಗಳೊಳಗೆ ಉತ್ತರ ಬರಬೇಕು.

ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ಕೊಡುವ ಪ್ರಯತ್ನ ನಡೆದಿದ್ದರೆ ಎರಡು ಆಧಾರಗಳನ್ನು ತಿಳಿದಿರಬೇಕು. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗಾಗಿಯೇ ರಾಜ್ಯದಲ್ಲಿ 1985ರ ಕಾಯ್ದೆಯೊಂದಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ನರ್ಸಿಂಗ್ ಹೋಮ್‌ಗೆ ಕೊಟ್ಟದ್ದನ್ನು ನಿವಾಸಿಗಳು ಪ್ರಶ್ನಿಸಿದಾಗ, 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿ ತೀರ್ಪು ನೀಡಿತು. ಬಡಾವಣೆಯ ನಿವಾಸಿಗಳಿಗೆ ಇಂಥ ವಿಷಯದಲ್ಲಿ ಕೇಳುವ ಹಕ್ಕಿದೆ ಎಂಬುದನ್ನು ಆ ತೀರ್ಪು ಸ್ಪಷ್ಟಪಡಿಸಿದೆ. ಪತ್ರ ಬರೆಯುವಾಗ ಇದನ್ನು ಬೆದರಿಕೆಯ ಧಾಟಿಯಲ್ಲಿ ಉಲ್ಲೇಖಿಸಬೇಕಾಗಿಲ್ಲ. ಒಂದು ವಾಕ್ಯದಲ್ಲಿ ನೆನಪಿಸಿದರೆ ಸಾಕು.

ಸಂಘದ ನೋಂದಣಿ

ನೋಂದಣಿಯಾಗದ ಗುಂಪಿನೊಡನೆ ಪಾಲಿಕೆ ಒಪ್ಪಂದ ಮಾಡಿಕೊಳ್ಳುವುದು ಕಷ್ಟ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ಕನಿಷ್ಠ 7 ಮಂದಿ ಸೇರಿ ಕ್ಷೇಮಾಭಿವೃದ್ಧಿ ಸಂಘವನ್ನು ನೋಂದಾಯಿಸಬಹುದು. ಈಗಾಗಲೇ ಸಂಘವಿದ್ದರೆ ವಾರ್ಷಿಕ ಮಹಾಸಭೆಯ ನಂತರ ಸಲ್ಲಿಸಬೇಕಾದ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪರಿಶೋಧನೆಯ ವರದಿ ಬಾಕಿ ಉಳಿದಿದೆಯೇ ಎಂದು ನೋಡಿ, ಉಳಿದಿದ್ದರೆ ಮೊದಲು ಅದನ್ನು ಸಲ್ಲಿಸಿರಿ. ವಾರ್ಡ್ ಸಮಿತಿಯ ಹತ್ತು ಸದಸ್ಯರಲ್ಲಿ ಕನಿಷ್ಠ ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳಾಗಿರಬೇಕು ಎಂದು ಮಹಾನಗರ ಪಾಲಿಕೆಗಳ ಕಾಯ್ದೆ ಹೇಳುತ್ತದೆ. ಆ ಸಂಘ ನೋಂದಣಿಯಾಗಿ, ವಾರ್ಡಿನಲ್ಲಿಯೇ ಕಚೇರಿ ಹೊಂದಿ, ಕನಿಷ್ಠ 3 ವರ್ಷ ಸಕ್ರಿಯವಾಗಿರಬೇಕೆಂಬುದೂ ಅದರಲ್ಲಿಯೇ ಇದೆ. ದಾಖಲೆ ಅಚ್ಚುಕಟ್ಟಾಗಿಲ್ಲದ ಸಂಘಕ್ಕೆ ಈ ಅವಕಾಶ ತಪ್ಪುತ್ತದೆ.

ಪಾಲಿಕೆಯ ಬಾಗಿಲು ತಟ್ಟುವ ಕ್ರಮ

ಹಸಿರುಪಟ್ಟಿಯ ಕೆಲಸ ಪಾಲಿಕೆಯೊಳಗೆ ಒಂದೇ ಮೇಜಿನಲ್ಲಿ ಮುಗಿಯುವುದಿಲ್ಲ. ಬೇಲಿ, ಕಾಲುದಾರಿ, ಕೊಳವೆ ಎಂಜಿನಿಯರಿಂಗ್ ವಿಭಾಗಕ್ಕೆ ಸೇರುತ್ತವೆ. ಕಸ ಮತ್ತು ಒಣ ಎಲೆ ಪರಿಸರ ಎಂಜಿನಿಯರ್ ಹಾಗೂ ಆರೋಗ್ಯ ನಿರೀಕ್ಷಕರಿಗೆ. ನೀರಿನ ಟ್ಯಾಂಕರ್ ನೀರು ಸರಬರಾಜು ವಿಭಾಗಕ್ಕೆ. ದೀಪ ವಿದ್ಯುತ್ ವಿಭಾಗಕ್ಕೆ. ಒಬ್ಬರ ಬಳಿ ಹೋಗಿ ಎಲ್ಲವನ್ನೂ ಹೇಳಿದರೆ ಅವರು ತಮ್ಮದಲ್ಲದ ಭಾಗಕ್ಕೆ ತಲೆಯಾಡಿಸಿ ಕಳುಹಿಸುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದ್ದರಿಂದ ಮೊದಲ ಪತ್ರವನ್ನು ಆಯುಕ್ತರ ಹೆಸರಿಗೇ ಬರೆಯಿರಿ, ಪ್ರತಿಗಳನ್ನು ವಲಯ ಕಚೇರಿಗೂ ವಾರ್ಡಿನ ಸದಸ್ಯರಿಗೂ ಕೊಡಿ. ಚುನಾಯಿತ ಮಂಡಳಿ ಇಲ್ಲದ ಅವಧಿಯಾಗಿದ್ದರೆ ಆಡಳಿತಾಧಿಕಾರಿಗಳಿಗೂ ಒಂದು ಪ್ರತಿ ಹೋಗಲಿ. ಟಪಾಲು ವಿಭಾಗದಲ್ಲಿ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಮತ್ತು ಸಂಖ್ಯೆಯನ್ನು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಮುಂದಿನ ಬಾರಿ ಹೋದಾಗ ವಿಷಯ ನಿರ್ವಾಹಕರು ಕೇಳುವುದು ಆ ಸಂಖ್ಯೆಯನ್ನೇ.

ಮೊದಲ ಪತ್ರದಲ್ಲಿ ದೊಡ್ಡ ಬೇಡಿಕೆಗಳ ಪಟ್ಟಿ ಇರಬಾರದು. ಕೇಳಬೇಕಾದದ್ದು ಒಂದೇ: ಜಂಟಿ ಸ್ಥಳ ಪರಿಶೀಲನೆ. ಮಾದರಿಗೆ ಹೀಗೆ ಬರೆಯಬಹುದು:

"ಮಾನ್ಯ ಆಯುಕ್ತರು, ಮಹಾನಗರ ಪಾಲಿಕೆ, ದಾವಣಗೆರೆ, ಇವರಿಗೆ. ವಿಷಯ: ನಮ್ಮ ಬಡಾವಣೆಯ ಹಸಿರುಪಟ್ಟಿಯ ನಿರ್ವಹಣೆಯ ಬಗ್ಗೆ ಜಂಟಿ ಸ್ಥಳ ಪರಿಶೀಲನೆ ನಡೆಸುವಂತೆ ಕೋರಿಕೆ. ಮಾನ್ಯರೇ, ಲಗತ್ತಿಸಿರುವ ನಕ್ಷೆಯಲ್ಲಿ ಗುರುತಿಸಿದ ಹಸಿರುಪಟ್ಟಿಯಲ್ಲಿ ಈಗಿರುವ ಮರಗಳ ಯಾದಿಯನ್ನೂ ಜಾಗದ ಅಳತೆಯನ್ನೂ ಸಂಘವು ಸಿದ್ಧಪಡಿಸಿದೆ. ಸಂಬಂಧಪಟ್ಟ ಎಂಜಿನಿಯರ್, ಪರಿಸರ ಎಂಜಿನಿಯರ್ ಮತ್ತು ಆರೋಗ್ಯ ನಿರೀಕ್ಷಕರು ಒಂದು ದಿನ ಸ್ಥಳಕ್ಕೆ ಬಂದು, ಪಾಲಿಕೆ ಮಾಡಬೇಕಾದ ಮತ್ತು ಸಂಘ ವಹಿಸಿಕೊಳ್ಳಬಹುದಾದ ಕೆಲಸಗಳನ್ನು ನಿಗದಿಪಡಿಸಿಕೊಡಬೇಕೆಂದು ಕೋರುತ್ತೇವೆ. ನಿರ್ವಹಣೆಯಲ್ಲಿ ಕೈಜೋಡಿಸಲು ಸಂಘದ ಸಾಮಾನ್ಯ ಸಭೆ ನಿರ್ಣಯಿಸಿದ್ದು, ನಿರ್ಣಯದ ಪ್ರತಿಯನ್ನು ಲಗತ್ತಿಸಿದೆ."

ಪತ್ರ ಕೊಡಲು ಒಳ್ಳೆಯ ಕಾಲ ನವೆಂಬರ್ ಮತ್ತು ಡಿಸೆಂಬರ್. ಪಾಲಿಕೆಯ ಹಣಕಾಸಿನ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ ಆಯವ್ಯಯದ ತಯಾರಿ ಚಳಿಗಾಲದಲ್ಲಿಯೇ ನಡೆಯುತ್ತದೆ, ಸಾರ್ವಜನಿಕರ ಸಲಹಾ ಸಭೆಯನ್ನೂ ಆಗಲೇ ಕರೆಯುತ್ತಾರೆ. ಆ ಸಭೆಯಲ್ಲಿ ಎದ್ದು ನಿಂತು ಸಾಮಾನ್ಯ ಮಾತು ಆಡುವುದಕ್ಕಿಂತ, ಪಟ್ಟಿಯ ಉದ್ದ, ಮರಗಳ ಸಂಖ್ಯೆ, ವರ್ಷಕ್ಕೆ ಬೇಕಾಗುವ ನೀರು ಮತ್ತು ಆಳುಗಳ ಲೆಕ್ಕವನ್ನು ಒಂದು ಪುಟದಲ್ಲಿ ಬರೆದು ಕೊಡುವುದು ಹೆಚ್ಚು ಫಲ ಕೊಡುತ್ತದೆ. ಮೇ ತಿಂಗಳಲ್ಲಿ ಗಿಡ ಒಣಗುವಾಗ ಕೊಟ್ಟ ಅರ್ಜಿಗೆ ಆ ವರ್ಷ ಹಣ ಸಿಗುವುದು ಅಪರೂಪ.

ಪರಿಶೀಲನೆಯ ದಿನ ಸಂಘದಿಂದ ಮೂರು ನಾಲ್ಕು ಮಂದಿಯಷ್ಟೇ ಹೋಗಲಿ, ಅವರಲ್ಲಿ ಆ ಪಟ್ಟಿಯ ಎದುರು ಮನೆಯವರು ಒಬ್ಬರಿರಲಿ. ರಸ್ತೆ, ಚರಂಡಿ, ಬೀದಿನಾಯಿ ಎಂದು ಎಲ್ಲ ದೂರುಗಳನ್ನೂ ಅಂದೇ ಹೇಳಲು ಹೊರಟರೆ ಬಂದ ಕೆಲಸ ಹಿಂದೆ ಬೀಳುತ್ತದೆ. ನಡೆದಾಡುತ್ತಾ ತೀರ್ಮಾನಿಸಿದ್ದನ್ನೆಲ್ಲ ಅಂದೇ ಸಂಜೆ ಬರೆದು, ಬಂದಿದ್ದ ಅಧಿಕಾರಿಗಳಿಗೆ ಪತ್ರದ ರೂಪದಲ್ಲಿ ಕಳುಹಿಸಿಬಿಡಿ.

ಒಡಂಬಡಿಕೆಯಲ್ಲಿ ಇರಬೇಕಾದ ಮಾತುಗಳು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಪಾಲಿಕೆಯ ಬದಲಿಗೆ ಸಂಘ ಎಲ್ಲವನ್ನೂ ಮಾಡುತ್ತೇವೆಂದು ಉತ್ಸಾಹದಲ್ಲಿ ಬರೆದುಕೊಟ್ಟರೆ ಒಂದೆರಡು ವರ್ಷಗಳಲ್ಲಿ ಉತ್ಸಾಹಿಗಳು ದಣಿಯುತ್ತಾರೆ, ಪಾಲಿಕೆಯ ಆಯವ್ಯಯದಿಂದ ಆ ಪಟ್ಟಿಯ ಬಾಬ್ತು ಕೈಬಿಟ್ಟುಹೋಗಿರುತ್ತದೆ. ನಿವಾಸಿಗಳು ಆಸ್ತಿ ತೆರಿಗೆ ಕಟ್ಟುತ್ತಾರೆ; ಸಾರ್ವಜನಿಕ ಉದ್ಯಾನವನ್ನು ಕಾಪಾಡುವುದು ಪಾಲಿಕೆಯ ಹೊಣೆಯಾಗಿಯೇ ಉಳಿಯಬೇಕು. ಸಂಘಕ್ಕೆ ಒಪ್ಪುವ ಕೆಲಸಗಳೆಂದರೆ ದಿನನಿತ್ಯ ಕಣ್ಣಿಡುವುದು, ಬೇಸಿಗೆಯಲ್ಲಿ ನೀರಿನ ಸರದಿ ನೋಡುವುದು, ಪಾತಿ ಸರಿಮಾಡುವುದು, ಸಣ್ಣ ಕಳೆ ತೆಗೆಯುವುದು, ಬಿದ್ದ ಎಲೆಯನ್ನು ಗೊಬ್ಬರ ಮಾಡುವುದು, ಹಾನಿಯಾದರೆ ಕೂಡಲೇ ತಿಳಿಸುವುದು. ಟ್ಯಾಂಕರ್ ಕಳುಹಿಸುವುದು, ಯಂತ್ರದಿಂದ ಹುಲ್ಲು ಕೊಚ್ಚಿಸುವುದು, ಬೇಲಿ ಮತ್ತು ಕೊಳವೆಯ ದುರಸ್ತಿ, ದೊಡ್ಡ ಕೊಂಬೆಗಳ ವಿಲೇವಾರಿ, ಒತ್ತುವರಿ ತೆರವು ಇವೆಲ್ಲ ಪಾಲಿಕೆಯ ಪಾಲಿಗೆ ಇರಲಿ.

ಒಡಂಬಡಿಕೆಗೆ ನಕ್ಷೆಯನ್ನು ಲಗತ್ತಿಸಿ ಗಡಿಗಳನ್ನು ಗುರುತಿಸಬೇಕು. ಜಾಗದ ಒಡೆತನ ಪಾಲಿಕೆಯದೇ ಎಂಬ ಮಾತು ಸ್ಪಷ್ಟವಾಗಿರಬೇಕು. ಸಂಘ ಬೀಗ ಹಾಕಬಾರದು, ಕಾಯಂ ಕಟ್ಟಡ ಕಟ್ಟಬಾರದು, ಯಾರಿಗೂ ಬಾಡಿಗೆಗೆ ಕೊಡಬಾರದು, ಪ್ರವೇಶಕ್ಕೆ ಹಣ ಪಡೆಯಬಾರದು. ಈ ನಿಬಂಧನೆಗಳನ್ನು ಪಾಲಿಕೆ ಕೇಳುವ ಮೊದಲು ನೀವೇ ಸೇರಿಸಿಕೊಟ್ಟರೆ ಅಧಿಕಾರಿಗಳಿಗೆ ನಿಮ್ಮ ಮೇಲೆ ವಿಶ್ವಾಸ ಬರುತ್ತದೆ, ಏಕೆಂದರೆ ಉದ್ಯಾನಗಳನ್ನು ಕೆಲವರು ತಮ್ಮ ಸ್ವಂತ ಅಂಗಳದಂತೆ ಬಳಸತೊಡಗುವ ಭಯ ಅವರಿಗೂ ಇರುತ್ತದೆ. ಪಟ್ಟಿಯ ಆಚೆ ಬದಿಯ ಗುಡಿಸಲು ಅಥವಾ ಶೆಡ್ಡುಗಳಲ್ಲಿ ವಾಸಿಸುವವರ ಮಕ್ಕಳೂ ಅಲ್ಲಿ ಆಡಬಹುದು ಎಂಬುದು ಸಂಘದೊಳಗೇ ಮೊದಲು ಇತ್ಯರ್ಥವಾಗಬೇಕಾದ ಮಾತು.

ನೀರಿನ ಮೂಲ ಯಾವುದು, ವಾರಕ್ಕೆ ಎಷ್ಟು ಲೀಟರ್, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಪಂಪಿನ ವಿದ್ಯುತ್ ಬಿಲ್ಲು ಯಾರದು ಎಂಬುದನ್ನು ಅಂಕಿಗಳಲ್ಲಿ ಬರೆಯಿರಿ. "ಅಗತ್ಯಕ್ಕೆ ತಕ್ಕಂತೆ ನೀರು ಒದಗಿಸಲಾಗುವುದು" ಎಂಬ ವಾಕ್ಯಕ್ಕೆ ಸಹಿ ಹಾಕಬೇಡಿ. ಏಪ್ರಿಲ್‌ನಲ್ಲಿ ಆ ವಾಕ್ಯದಿಂದ ಒಂದು ಕೊಡ ನೀರೂ ಬರುವುದಿಲ್ಲ. ಅವಧಿ 3 ವರ್ಷವಿರಲಿ, 3 ತಿಂಗಳಿಗೊಮ್ಮೆ ಜಂಟಿ ಪರಿಶೀಲನೆ ಇರಲಿ, ಯಾರೇ ಹಿಂದೆ ಸರಿಯಬೇಕಾದರೂ 30 ದಿನಗಳ ಲಿಖಿತ ಸೂಚನೆ ಇರಲಿ.

ಪಾಲಿಕೆ ನಿರ್ವಹಣೆಯನ್ನು ಟೆಂಡರ್ ಮೂಲಕ ಗುತ್ತಿಗೆದಾರರಿಗೆ ವಹಿಸಿದ್ದರೆ ಕಾರ್ಯಾದೇಶದ ಮತ್ತು ಕೆಲಸಗಳ ಅನುಸೂಚಿಯ ಪ್ರತಿಯನ್ನು ಕೇಳಿ ಪಡೆಯಿರಿ. ತಿಂಗಳಿಗೆ ಎಷ್ಟು ಬಾರಿ ಕಳೆ ತೆಗೆಯಬೇಕು, ಎಷ್ಟು ಮಾಲಿಗಳಿರಬೇಕು ಎಂಬುದು ಅದರಲ್ಲಿ ಇರುತ್ತದೆ. ಗುತ್ತಿಗೆದಾರರ ಬಿಲ್ಲು ಪಾಸಾಗುವುದು ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದ ಮೇಲೆ. ಬಿಲ್ಲಿನೊಡನೆ ಸಂಘದ ಅಭಿಪ್ರಾಯ ಪತ್ರವನ್ನೂ ಲಗತ್ತಿಸಬೇಕೆಂಬ ಒಂದು ಸಾಲು ಒಡಂಬಡಿಕೆಯಲ್ಲಿ ಸೇರಿದರೆ ಹತ್ತು ದೂರುಗಳಿಂದ ಆಗದ ಕೆಲಸ ಅದರಿಂದ ಆಗುತ್ತದೆ. ಆದರೆ ಆ ಅಧಿಕಾರ ಬಂದ ಮೇಲೆ ಸಂಘದ ಪದಾಧಿಕಾರಿಗಳು ಗುತ್ತಿಗೆದಾರರಿಂದ ಯಾವ ದೇಣಿಗೆಯನ್ನೂ, ಗಣೇಶೋತ್ಸವದ ಚಂದಾವನ್ನೂ ಸಹ, ಪಡೆಯಬಾರದು. ಪೌರಕಾರ್ಮಿಕರಿಗೆ ಮತ್ತು ಮಾಲಿಗಳಿಗೆ ನಿವಾಸಿಗಳು ನೇರವಾಗಿ ಆಜ್ಞೆ ಮಾಡುವುದೂ ಸಲ್ಲದು. ಕೆಲಸ ಸರಿಯಿಲ್ಲದಿದ್ದರೆ ಮೇಲ್ವಿಚಾರಕರಿಗೆ ಹೇಳಬೇಕು. ಅವರಿಗೆ ಕುಡಿಯುವ ನೀರು, ಬಿಸಿಲಲ್ಲಿ ಕೂರಲು ನೆರಳು, ಸನಿಕೆ ಗುದ್ದಲಿ ಇಡಲು ಜಾಗ ಒದಗಿಸುವುದು ಸಂಘದ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ.

ನೀರು, ಮಣ್ಣು, ಗಿಡ

ದಾವಣಗೆರೆಗೆ ವರ್ಷದಲ್ಲಿ ಬೀಳುವ ಮಳೆ 600ರಿಂದ 700 ಮಿಲಿಮೀಟರ್ ಆಸುಪಾಸು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಅಕ್ಟೋಬರ್‌ವರೆಗೆ. ಫೆಬ್ರವರಿಯಿಂದ ಮೇ ಕೊನೆಯವರೆಗಿನ ಸುಮಾರು 17 ವಾರ ಎಳೆಯ ಗಿಡ ಕೈನೀರನ್ನೇ ನಂಬಿರಬೇಕು. ಲೆಕ್ಕ ಹೀಗಿದೆ: 100 ಗಿಡಗಳಿಗೆ ತಲಾ 15 ಲೀಟರಿನಂತೆ ವಾರಕ್ಕೆ ಎರಡು ಬಾರಿ ಹಾಕಿದರೆ ವಾರಕ್ಕೆ 3,000 ಲೀಟರ್, ಇಡೀ ಬೇಸಿಗೆಗೆ 51,000 ಲೀಟರ್. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತು ಲೋಡಿಗೆ ಸ್ವಲ್ಪ ಹೆಚ್ಚು. ಈ ಸಂಖ್ಯೆಯನ್ನು ಮುಂದಿಟ್ಟಾಗ ಪಾಲಿಕೆಗೂ ಅದು ಅಸಾಧ್ಯವಾಗಿ ಕಾಣುವುದಿಲ್ಲ. ಇಷ್ಟು ನೀರು ಖಾತ್ರಿಯಿಲ್ಲದಿದ್ದರೆ 100 ಗಿಡ ನೆಡಬೇಡಿ, 40 ನೆಡಿ. ನಲವತ್ತು ಮರ ನಿಲ್ಲುವುದು ನೂರು ಗುಂಡಿ ಖಾಲಿ ಬೀಳುವುದಕ್ಕಿಂತ ಎಷ್ಟೋ ಮೇಲು.

ನಳದ ಕುಡಿಯುವ ನೀರನ್ನು ಹಸಿರುಪಟ್ಟಿಗೆ ಬಳಸುವುದು ಬೇಸಿಗೆಯಲ್ಲಿ ನ್ಯಾಯವಲ್ಲ. ಕೊಳವೆಬಾವಿಯ ನೀರು ಅಥವಾ ಪಾಲಿಕೆ ಒದಗಿಸಿದರೆ ಶುದ್ಧೀಕರಿಸಿದ ಬಳಕೆ ನೀರು ಸಾಕು. ಮನೆಯ ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚಿರುವುದರಿಂದ ಹೊಂಗೆ, ಬೇವಿನಂಥ ಗಟ್ಟಿ ಮರಗಳಿಗೆ ಒಮ್ಮೊಮ್ಮೆ ಹಾಕಬಹುದೇ ಹೊರತು ಹೂಗಿಡಗಳಿಗೆ ನಿತ್ಯ ಹಾಕಬಾರದು.

ಮಣ್ಣನ್ನು ನೋಡಿ ಗುಂಡಿ ತೋಡಬೇಕು. ನಮ್ಮ ಸುತ್ತ ಎರೆಮಣ್ಣೂ ಇದೆ, ಕೆಂಪು ಮಣ್ಣೂ ಇದೆ. ಹೊಸ ಬಡಾವಣೆಗಳಲ್ಲಿ ಇವೆರಡರ ಮೇಲೂ ಕಟ್ಟಡದ ಅವಶೇಷ ತುಂಬಿರುತ್ತದೆ. ಎರೆಮಣ್ಣು ಮಳೆಯಲ್ಲಿ ನೀರು ನಿಲ್ಲಿಸಿ ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರನ್ನು ಹರಿಯುತ್ತದೆ. ಅಲ್ಲಿ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಗೆ ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ, ಗಿಡದ ಬುಡವನ್ನು ಸುತ್ತಲಿನ ನೆಲಕ್ಕಿಂತ ಸ್ವಲ್ಪ ಎತ್ತರಿಸಿ ನೆಡಬೇಕು. ಕೆಂಪು ಮಣ್ಣಿನಲ್ಲಿ ಬುಡ ತಗ್ಗಿನಲ್ಲಿದ್ದು ಅಗಲವಾದ ಪಾತಿ ಇರಬೇಕು. ಎರಡರಲ್ಲಿಯೂ ಪಾತಿಯ ಮೇಲೆ ನಾಲ್ಕು ಬೆರಳು ದಪ್ಪ ಒಣ ಎಲೆ ಹೊದಿಸಿದರೆ ನೀರು ಉಳಿಯುತ್ತದೆ, ಕಾಂಗ್ರೆಸ್ ಕಳೆಯೂ ಕಡಿಮೆಯಾಗುತ್ತದೆ. ಎಲೆ ಕಾಂಡಕ್ಕೆ ತಾಗದಂತೆ ನೋಡಿಕೊಳ್ಳಿ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಬೇರೆ ಬೇರೆ ಅಳತೆಯ ಚೀಲಗಳಲ್ಲಿ ಸಸಿ ಸಿಗುತ್ತವೆ; ದನಕರು ಓಡಾಡುವ ರಸ್ತೆ ಬದಿಗೆ 14×20 ಇಂಚಿನ ದೊಡ್ಡ ಚೀಲದಲ್ಲಿ ಬೆಳೆದ, ಆಳೆತ್ತರದ ಸಸಿಯೇ ಬೇಕು. ಬೇಡಿಕೆಯ ಪತ್ರವನ್ನು ಮಳೆಗಾಲಕ್ಕೆ ಬಹಳ ಮೊದಲೇ ಕೊಟ್ಟಿರಬೇಕು.

ವಿದ್ಯುತ್ ತಂತಿಯ ಕೆಳಗೆ ಪಾರಿಜಾತ, ದೇವಕಣಗಿಲೆ, ಕರಿಬೇವಿನಂಥ ಗಿಡ್ಡ ಮರಗಳನ್ನಷ್ಟೇ ನೆಡಿ. ತಂತಿಯಿಲ್ಲದ ಬದಿಗೆ ಹೊಂಗೆ, ಬೇವು, ಕಕ್ಕೆ, ಹೊಳೆದಾಸವಾಳ. ತೇವವಿರುವ ಕಾಲುವೆ ಅಂಚಿಗೆ ನೇರಳೆ, ಮತ್ತಿ. ಆಲ, ಅರಳಿ ವಿಶಾಲ ಉದ್ಯಾನದ ನಡುವೆ ಚೆಂದ, ಚರಂಡಿಯ ಗೋಡೆಯ ಪಕ್ಕದಲ್ಲಲ್ಲ. ಬೇಗ ಹಸಿರು ಕಾಣುತ್ತದೆಂದು ಕೊನೊಕಾರ್ಪಸ್ ಎಂಬ ವಿದೇಶಿ ಮರವನ್ನು ನೆಡಲು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ. ದೊಡ್ಡ ಮರಗಳ ನಡುವೆ ಆರು ಮೀಟರ್ ಅಂತರವಿರಲಿ, ಒಳಚರಂಡಿಯ ಗುಂಡಿ ಮತ್ತು ನೀರಿನ ಕೊಳವೆಯಿಂದ ದೂರವಿರಲಿ. ಪಾದಚಾರಿ ಮಾರ್ಗಕ್ಕೆ ಟೈಲ್ಸ್ ಹಾಕುವ ಗುತ್ತಿಗೆದಾರರು ಮರದ ಬುಡದವರೆಗೂ ಕಾಂಕ್ರೀಟ್ ಸುರಿಯುವುದು ನಮ್ಮಲ್ಲಿ ಸಾಮಾನ್ಯ. ಸುತ್ತ ಒಂದು ಮೀಟರ್ ಮಣ್ಣು ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ವಿಷಯದಲ್ಲಿ ಆದೇಶಿಸಿದೆ. ಅದೇ ಅಳತೆಯನ್ನು ಇಲ್ಲಿಯೂ ಪಾಲಿಸುವಂತೆ ಕಾಮಗಾರಿ ಶುರುವಾಗುವ ಮೊದಲೇ ಎಂಜಿನಿಯರ್ ಅವರಿಗೆ ಬರೆದುಕೊಡಿ. ಕಾಂಕ್ರೀಟ್ ಒಣಗಿದ ಮೇಲೆ ಒಡೆಸುವುದು ಬಹಳ ಕಷ್ಟ.

ಕೊಂಬೆ, ಎಲೆ, ಒತ್ತುವರಿ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಮರ ಕಡಿಯುವುದೆಂದರೆ ಬುಡ ಕತ್ತರಿಸುವುದು ಮಾತ್ರವಲ್ಲ. ಕೊಂಬೆಗಳನ್ನು ಸವರುವುದು, ತೊಗಟೆ ಸುಲಿಯುವುದು, ಸುಡುವುದು, ರಾಸಾಯನಿಕ ಹಾಕುವುದು ಕೂಡ ಅದರಲ್ಲಿ ಸೇರಿವೆ. ಆದ್ದರಿಂದ ಸಂಘ ತಾನಾಗಿ ಆಳು ಕರೆಸಿ ದೊಡ್ಡ ಕೊಂಬೆ ಕಡಿಸಬಾರದು. ಪಾಲಿಕೆಯ ಮೂಲಕ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಅರ್ಜಿ ಹೋಗಬೇಕು. ಮಳೆಗಾಲಕ್ಕೆ ಮೊದಲು ಬೆಸ್ಕಾಂ ಸಿಬ್ಬಂದಿ ತಂತಿಗೆ ತಾಗುವ ಕೊಂಬೆ ಕತ್ತರಿಸಲು ಬರುತ್ತಾರೆ. ಅವರ ಶಾಖಾ ಕಚೇರಿಯಲ್ಲಿ ದಿನಾಂಕ ತಿಳಿದುಕೊಂಡು ಅಂದು ಒಬ್ಬರು ಸ್ಥಳದಲ್ಲಿದ್ದು, ತಂತಿಯ ಕಡೆಯ ಕೊಂಬೆಗಳನ್ನಷ್ಟೇ ತೆಗೆಯುವಂತೆ ವಿನಂತಿಸಿದರೆ ಮರ ಒಂದು ಬದಿಗೆ ವಾಲುವಂತೆ ಬೋಳಾಗುವುದು ತಪ್ಪುತ್ತದೆ. ತುಂಡಾದ ತಂತಿ ಅಥವಾ ತಂತಿಯ ಮೇಲೆ ಬಿದ್ದ ಕೊಂಬೆಯನ್ನು ಯಾರೂ ಮುಟ್ಟದೆ 1912ಕ್ಕೆ ಕರೆ ಮಾಡಬೇಕು.

ಒಣ ಎಲೆಗೆ ಬೆಂಕಿ ಇಡುವ ಅಭ್ಯಾಸ ನಿಲ್ಲಬೇಕು. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ಭಾರೀ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಹಾರ ವಸೂಲು ಮಾಡಬೇಕೆಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿದೆ. ಪಟ್ಟಿಯ ಒಂದು ಮೂಲೆಯಲ್ಲಿ ತಂತಿ ಜಾಲರಿಯಿಂದ ಸುತ್ತಿದ ಎಲೆಗೊಬ್ಬರದ ತೊಟ್ಟಿ ಮಾಡಿ, ಎಲೆಯ ಮೇಲೆ ಸಗಣಿ ನೀರು ಚಿಮುಕಿಸಿ, ಆಗಾಗ ತಿರುವಿ ಹಾಕಿದರೆ ಕೆಲವು ತಿಂಗಳಲ್ಲಿ ಪಾತಿಗಳಿಗೆ ಬೇಕಾದ ಗೊಬ್ಬರ ಅಲ್ಲಿಯೇ ಸಿಗುತ್ತದೆ.

ಒತ್ತುವರಿಯ ವಿಚಾರದಲ್ಲಿ ತಾಳ್ಮೆ ಬೇಕು. ಮನೆ ಕಟ್ಟುವವರು ಜಲ್ಲಿ, ಮರಳು ಸುರಿದಿದ್ದರೆ ಸಾಮಾನ್ಯವಾಗಿ ನೆರೆಯವರ ಮಾತಿಗೆ ಬೆಲೆ ಕೊಟ್ಟು ತೆಗೆಯುತ್ತಾರೆ. ತೆಗೆಯದಿದ್ದರೆ ಚಿತ್ರದೊಡನೆ, ನಗರಾಡಳಿತದ ದೂರುಗಳಿಗೆಂದೇ ಇರುವ ಜನಹಿತ ಆ್ಯಪ್‌ನಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಡಿ. ಪಾಲಿಕೆಯಿಂದ ಉತ್ತರ ಬಾರದಿದ್ದರೆ ರಾಜ್ಯದ 1902 ಸಹಾಯವಾಣಿ ಇದೆ. ತಳ್ಳುಗಾಡಿಯವರನ್ನು ಸಂಘದವರು ಎಬ್ಬಿಸುವಂತಿಲ್ಲ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಅವರಿಗೆ ರಕ್ಷಣೆ ಕೊಟ್ಟಿದೆ, ಸ್ಥಳ ಗುರುತಿಸುವ ಕೆಲಸ ಪಟ್ಟಣ ವ್ಯಾಪಾರ ಸಮಿತಿಯ ಸಲಹೆಯಂತೆ ಪಾಲಿಕೆಯೇ ಮಾಡಬೇಕು. ಗಿಡದ ಪಾತಿಗೆ ತೊಂದರೆಯಾಗದಂತೆ ನಾಲ್ಕು ಅಡಿ ಆಚೆ ನಿಲ್ಲಿಸಿಕೊಳ್ಳಿ ಎಂದು ಕೇಳಿಕೊಂಡರೆ ಅವರೇ ಗಿಡಕ್ಕೆ ಕಾವಲಾಗುವುದನ್ನು ನಮ್ಮ ಊರಿನ ಹಲವು ರಸ್ತೆಗಳಲ್ಲಿ ಕಾಣಬಹುದು. ಅರಳಿಯ ಬುಡದಲ್ಲಿ ಕಲ್ಲಿಟ್ಟು ಮೆಲ್ಲಗೆ ಗುಡಿ ಏಳುವ ಸೂಚನೆ ಕಂಡರೆ ಸಂಘದೊಳಗೆ ಆರಂಭದಲ್ಲಿಯೇ ಮಾತಾಡಿ. ಸಾರ್ವಜನಿಕ ರಸ್ತೆ ಮತ್ತು ಉದ್ಯಾನಗಳಲ್ಲಿ ಯಾವ ಧರ್ಮದ ಅನಧಿಕೃತ ಕಟ್ಟಡವೂ ಹೊಸದಾಗಿ ಬರಕೂಡದೆಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿರುವುದನ್ನು ಎಲ್ಲರಿಗೂ ಸಮಾನವಾಗಿ, ಸಮಾಧಾನದಿಂದ ತಿಳಿಸಬೇಕು.

ಹಣ ಮತ್ತು ದಾಖಲೆ

ಸಂಘದ ಪಾಲಿನ ಖರ್ಚು ದೊಡ್ಡದಾಗಬಾರದು. ಪೈಪು, ಸನಿಕೆ, ಕುಡಗೋಲು, ಕೈಗವಸು, ಬೇಸಿಗೆಯ ನಾಲ್ಕು ತಿಂಗಳಿಗೆ ಒಬ್ಬ ಆಳಿನ ಕೂಲಿ ಇಷ್ಟಕ್ಕೆ ಮನೆಮನೆಯ ವಂತಿಗೆ ಸಾಲುವಂತೆ ಕೆಲಸವನ್ನು ಅಳೆದುಕೊಳ್ಳಬೇಕು. ಆಳಿಗೆ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದಂತೆ ಕೂಲಿ ಕೊಡಿ. ಯಾವುದಾದರೂ ಕಂಪನಿ ತನ್ನ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ನೆರವು ಕೊಡಲು ಮುಂದೆ ಬಂದರೆ, ಆ ಹಣ ಪಡೆಯುವ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆ ದತ್ತಿ ಸಂಸ್ಥೆಗಳಿಗೆ ಕೊಡುವ ನೋಂದಣಿಯೂ, ಇಂಥ ನಿಧಿ ಪಡೆಯಲು ಕೇಂದ್ರ ಸರ್ಕಾರದಲ್ಲಿ ಮಾಡಿಸಬೇಕಾದ ಸಿಎಸ್‌ಆರ್-1 ನೋಂದಣಿಯೂ ಬೇಕಾಗುತ್ತದೆ. ಸಣ್ಣ ಸಂಘಕ್ಕೆ ಇದು ಭಾರ. ಕಂಪನಿಯೇ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಬೇಲಿ ಅಥವಾ ಹನಿ ನೀರಾವರಿಯ ಕೊಳವೆ ಹಾಕಿಸಲಿ, ಸಂಘ ಅದರ ಮೇಲ್ವಿಚಾರಣೆ ಮಾಡಲಿ. ದಾನಿಗಳ ಹೆಸರಿನ ಫಲಕ ಚಿಕ್ಕದಿರಲಿ, ಮರಕ್ಕೆ ಮೊಳೆ ಹೊಡೆದು ತೂಗಿಸಿದ್ದಾಗಿರಬಾರದು.

ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಪ್ರತಿ ಮರಕ್ಕೂ ಸಂಖ್ಯೆ ಕೊಟ್ಟು, ಜಾತಿ, ನೆಟ್ಟ ತಿಂಗಳು, ಎದುರಿನ ಮನೆ, ಈಗಿನ ಸ್ಥಿತಿ ಬರೆಯಿರಿ. ಟ್ಯಾಂಕರ್ ಬಂದ ದಿನ, ಬಾರದ ದಿನ ಎರಡನ್ನೂ ಬರೆಯಿರಿ. ಮೂರು ತಿಂಗಳ ಪರಿಶೀಲನೆಯಲ್ಲಿ ಅಧಿಕಾರಿಗಳ ಮುಂದೆ ಇಡಬೇಕಾದದ್ದು ಆ ಪುಟಗಳೇ. ಅಧಿಕಾರಿಗಳು ವರ್ಗವಾಗುತ್ತಾರೆ, ಸಂಘದ ಕಾರ್ಯದರ್ಶಿಗಳೂ ಬದಲಾಗುತ್ತಾರೆ. ಪದಾಧಿಕಾರಿಗಳು ಬದಲಾದ ದಿನವೇ ನಕ್ಷೆ, ಒಡಂಬಡಿಕೆ, ಸ್ವೀಕೃತಿ ಮುದ್ರೆಯಿರುವ ಪತ್ರಗಳು, ಪಾಲಿಕೆಯಿಂದ ಬಂದ ಹಿಂಬರಹಗಳು ಮತ್ತು ಮರಗಳ ಪುಸ್ತಕವನ್ನು ಪಟ್ಟಿ ಮಾಡಿ, ಸಹಿ ಪಡೆದು ಹಸ್ತಾಂತರಿಸಬೇಕು. ಹೊಸ ಅಧಿಕಾರಿ ಬಂದಾಗ ಹೊಸ ಕಾರ್ಯದರ್ಶಿ ಹೋಗಿ ಒಡಂಬಡಿಕೆಯ ಪ್ರತಿಯನ್ನು ಕೊಟ್ಟು ಬರಬೇಕು.

ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ನವೀಕರಣದ ಪತ್ರ ಕೊಡಿ. ಅಷ್ಟರಲ್ಲಿ ಮೂರು ಬೇಸಿಗೆ ಕಂಡ ಹೊಂಗೆ, ಬೇವುಗಳಿಗೆ ಕೈನೀರಿನ ಅಗತ್ಯ ಬಹುಪಾಲು ತೀರಿರುತ್ತದೆ. ಆ ಮರಗಳ ಹೆಸರಿನಲ್ಲಿ ಮಂಜೂರಾಗಿದ್ದ ಟ್ಯಾಂಕರ್ ಲೋಡುಗಳನ್ನು ಪಕ್ಕದ ರಸ್ತೆಯ ಹೊಸ ಪಟ್ಟಿಗೆ ವರ್ಗಾಯಿಸಿ ಕೊಡುವಂತೆ ಅದೇ ಪತ್ರದಲ್ಲಿ ಕೋರಿರಿ, ಆ ರಸ್ತೆಯ ನಕ್ಷೆಯನ್ನೂ ಅಳತೆಯನ್ನೂ ಅದಕ್ಕೆ ಲಗತ್ತಿಸಿರಿ.